ಜಯಮ್ಮನ ಮಾತ್ರೆ ಡಬ್ಬ

ಯಲಿಯೂರಿಗೆ ಬಂದ ಐದನೆಯ ದಿನ ನನಗೆ ಜ್ವರ ಬಂತು. ಮನೆ ಒಡತಿ ಜಯಮ್ಮ ನನ್ನ ಹಣೆ ಮುಟ್ಟಿ ನೋಡಿದಳು, ಒಳಗೆ ಹೋದಳು, ಒಂದು ಹಳೆಯ ಬಿಸ್ಕತ್ತಿನ ಡಬ್ಬ ತಂದು ಹಾಸಿಗೆಯ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಬಿಸ್ಕತ್ತು ಇರಲಿಲ್ಲ. ಡಬ್ಬದ ತುಂಬ ಮಾತ್ರೆ. ಕೆಂಪು ಹಳದಿ ಕ್ಯಾಪ್ಸೂಲು, ಬಿಳಿಯ ಉದ್ದ ಮಾತ್ರೆ, ಕತ್ತರಿಯಲ್ಲಿ ಎರಡೆರಡಾಗಿ ಕತ್ತರಿಸಿದ ಪಟ್ಟಿಗಳು, ಹೆಸರಿದ್ದ ಭಾಗವೇ ಹೋಗಿಬಿಟ್ಟ ಬೆಳ್ಳಿ ಹಾಳೆಗಳು. ಎಮ್ಮೆಗೆ ಕೊಟ್ಟಿದ್ದ ಹೆಬ್ಬೆರಳು ಗಾತ್ರದ ಮಾತ್ರೆ ಸಹ ಒಂದು ಮೂಲೆಯಲ್ಲಿತ್ತು.

“ಇದ್ ತಕೊ ಮಗ. ಕೆರಗೋಡ್ನಾಗೆ ನಮ್ ನಾದ್ನಿ ಗಂಡುಂಗೆ ಕೊಟ್ಟಿದ್ದು. ಎರಡೇ ಮಾತ್ರೆಗೆ ಎದ್ ಕೂತ್ಕಂಡ” ಅಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿಮೂರು ವರ್ಷದಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ. ಆಂಟಿಬಯಾಟಿಕ್ ಔಷಧಿಗೆ ಸಾಯಬೇಕಾದ ಬ್ಯಾಕ್ಟೀರಿಯಾಗಳು ಯಾಕೆ ಸಾಯುತ್ತಿಲ್ಲ ಎಂದು ನೋಡುವುದು. ಅರ್ಧಂಬರ್ಧ ನುಂಗಿದ ಮಾತ್ರೆ ಅದಕ್ಕೆ ಒಂದು ದೊಡ್ಡ ಕಾರಣ. ನೂರಾರು ಕಿಲೋಮೀಟರು ದಾಟಿ ಹುಡುಕಲು ಬಂದದ್ದನ್ನು ಈ ಹೆಂಗಸು ಡಬ್ಬದಲ್ಲಿ ತುಂಬಿ ನನ್ನ ಕಾಲ ಬಳಿ ಇಟ್ಟಿದ್ದಳು. ಆಮೇಲೆ ಗೊತ್ತಾಯಿತು, ಬೀದಿಯಲ್ಲಿ ಯಾರಿಗೇ ವಾಸಿಯಾಗಲಿ ಉಳಿದ ಮಾತ್ರೆ ಜಯಮ್ಮನ ಡಬ್ಬಕ್ಕೆ ಬರುತ್ತದೆ, ಯಾರಿಗೇ ಕಾಯಿಲೆಯಾಗಲಿ ಡಬ್ಬದಿಂದ ಮಾತ್ರೆ ಹೋಗುತ್ತದೆ. ಕೊಟ್ಟವರೂ ಪುಣ್ಯ ಅಂದುಕೊಂಡಿದ್ದರು, ಪಡೆದವರೂ ಹಾಗೇ ಅಂದುಕೊಂಡಿದ್ದರು.

ನಾನು ನರಗುಂದದ ಕಡೆಯವಳು. ಇದನ್ನು ಓದುವ ನಮ್ಮೂರ ಮಂದಿಗೆ ಮಂಡ್ಯ ಎಂದರೆ ಸಕ್ಕರೆ. ನನಗೂ ಅಷ್ಟೇ ಗೊತ್ತಿತ್ತು. ಎರಡು ವರ್ಷದ ಒಂದು ಸಂಶೋಧನಾ ಯೋಜನೆ ಸಿಕ್ಕಿತು, ಬಂದೆ. ಮಂಡ್ಯ, ಮದ್ದೂರು, ಮಳವಳ್ಳಿಯ ನಾಲೆ, ಚರಂಡಿ, ಕೊಟ್ಟಿಗೆ, ಕೋಳಿ ಫಾರಂಗಳಿಂದ ನೀರು, ಸಗಣಿ, ಮಣ್ಣು ತಂದು ಅವುಗಳಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಯಾವ ಔಷಧಿ ತಾಕುತ್ತದೆ, ಯಾವುದು ತಾಕುವುದಿಲ್ಲ ಎಂದು ಬರೆದಿಡಬೇಕು. ಮಂಡ್ಯದಲ್ಲಿ ಲ್ಯಾಬು. ಅಲ್ಲಿ ಮನೆ ಹುಡುಕಿದರೆ ಒಂಟಿ ಹೆಣ್ಣು ಅಂತ ಇಬ್ಬರು ಬಾಗಿಲಲ್ಲೇ ಮಾತು ಮುಗಿಸಿದರು. ಹತ್ತಿರದ ಹಳ್ಳಿ ಯಲಿಯೂರಿನಲ್ಲಿ ಜಯಮ್ಮ ಮಾತ್ರ ನನ್ನ ಊರು ಕೇಳಿ, ಅದು ಎಲ್ಲಿದೆ ಎಂದು ಅರ್ಥವಾಗದೆ, ಪಾಪ ದೂರದಿಂದ ಬಂದಿದ್ದೀಯ ಅಂತ ಮುಂದಿನ ಕೋಣೆ ಕೊಟ್ಟಳು.

ಮೊದಮೊದಲು ಅವಳ ಮಾತು ಕೇಳಿದರೆ ಮುಖಕ್ಕೆ ಹೊಡೆದಂತೆ ಆಗುತ್ತಿತ್ತು. ನಮ್ಮಲ್ಲಿ ಮಾತಿಗೊಂದು ರೀ ಇಲ್ಲದಿದ್ದರೆ ಜಗಳ ಅಂತ ಅರ್ಥ. ಇಲ್ಲಿ ಬಾ, ಓಗು, ಉಣ್ಣು. ನಾನು ಜಯಮ್ಮನವರೇ ಎಂದು ಕರೆದದ್ದಕ್ಕೆ, ನಾನೇನು ತಹಸೀಲ್ದಾರ್ರಾ ಎಂದು ಸೊಸೆ ಸವಿತಾಳ ಮುಂದೆ ನನ್ನನ್ನು ಅಣಕಿಸಿ ನಕ್ಕಳು. ಹಾಗಾಗಿ ಇಲ್ಲೂ ಅವಳು ಎಂದೇ ಬರೆಯುತ್ತಿದ್ದೇನೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವಳು. ಹಿಟ್ಟು ಎಂದರೆ ಇಲ್ಲಿ ರಾಗಿ ಮುದ್ದೆ, ವಸಿ ಎಂದರೆ ಸ್ವಲ್ಪ, ಬಿರ್ನೆ ಎಂದರೆ ಬೇಗ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ರೊಟ್ಟಿ ಕಡಿದು ಬೆಳೆದ ಬಾಯಿಗೆ ಅದು ಸುಲಭವಲ್ಲ. ಸವಿತಾ ಎದುರು ಕೂತು ನನ್ನ ಗಂಟಲನ್ನೇ ನೋಡುತ್ತಿದ್ದಳು. ಮೂರನೇ ವಾರ ಒಂದು ಪೂರ್ತಿ ಮುದ್ದೆ ಒಳಗೆ ಹೋದಾಗ ಅತ್ತೆ ಸೊಸೆ ಇಬ್ಬರೂ ನನಗಿಂತ ಹೆಚ್ಚು ಖುಷಿಪಟ್ಟರು.

ನೀರಿನ ವಿಷಯಕ್ಕೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ನಳದ ನೀರು ಬರುವ ದಿನ ಮನೆಯವರೆಲ್ಲ ಕೆಲಸ ಬಿಟ್ಟು ಕೊಡ ಹಿಡಿಯುತ್ತಿದ್ದೆವು. ಇಲ್ಲಿ ಊರ ಪಕ್ಕದಲ್ಲೇ ನಾಲೆ ತುಂಬಿ ಹರಿಯುತ್ತದೆ. ಮೊದಲ ವಾರ ಸಂಜೆ ಹೋಗಿ ದಂಡೆಯ ಮೇಲೆ ಸುಮ್ಮನೆ ನಿಲ್ಲುತ್ತಿದ್ದೆ, ಅಷ್ಟು ನೀರು ನೋಡಿಯೇ ಹೊಟ್ಟೆ ತಂಪಾಗುತ್ತಿತ್ತು. ಆಮೇಲೆ ಅದೇ ನೀರನ್ನು ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಒಯ್ದು ಬೆಳೆಸಿ ನೋಡಿದೆ. ಅವತ್ತಿನಿಂದ ದಂಡೆಗೆ ಹೋಗಿ ನಿಲ್ಲುವುದನ್ನು ಬಿಟ್ಟೆ.

ಬೆಳೆಸಿ ನೋಡುವುದು ಎಂದರೇನೆಂದು ಜಯಮ್ಮ ಕೇಳಿದ್ದಳು. ಭತ್ತದ ಒಟ್ಲು ಇರುತ್ತದಲ್ಲ, ಸಸಿ ಮಡಿ, ಹಾಗೇ ಎಂದೆ. ಅಂಗೈ ಅಗಲದ ತಟ್ಟೆಯಲ್ಲಿ ಗಂಜಿಯಂಥದ್ದನ್ನು ಹೊಯ್ದು ಗಟ್ಟಿಯಾಗಲು ಬಿಡುತ್ತೇವೆ, ಅದರ ಮೇಲೆ ಬ್ಯಾಕ್ಟೀರಿಯಾ ಸವರುತ್ತೇವೆ, ನಡುನಡುವೆ ಔಷಧಿಯಲ್ಲಿ ಅದ್ದಿದ ಕಾಗದದ ಬೊಟ್ಟು ಇಡುತ್ತೇವೆ. ಮಾರನೆಯ ದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಔಷಧಿ ಕೆಲಸ ಮಾಡಿದ್ದರೆ ಬೊಟ್ಟಿನ ಸುತ್ತ ಏನೂ ಬೆಳೆಯದೆ ಉಂಗುರದಂತೆ ಖಾಲಿ ಉಳಿಯುತ್ತದೆ. ಉಂಗುರ ಇಲ್ಲದಿದ್ದರೆ ಆ ಔಷಧಿ ಆ ಬ್ಯಾಕ್ಟೀರಿಯಾಕ್ಕೆ ನೀರಿಗೆ ಸಮ. ನನ್ನದು ಉಂಗುರ ಅಳೆಯುವ ಕೆಲಸ ಅಂದಾಗ, ಮೊದಲು ನಿನ್ನ ಬೆಟ್ಟಿಗೆ ಒಂದು ಉಂಗುರ ನೋಡು ಅಂದಳು. ಬೆಟ್ಟು ಅಂದರೆ ಬೆರಳು.

ನಾನು ವಿದ್ಯಾರ್ಥಿನಿಯಾಗಿದ್ದಾಗ ಧಾರವಾಡದಲ್ಲಿ ಅಳೆದ ಉಂಗುರಗಳು ಅಗಲವಾಗಿರುತ್ತಿದ್ದವು. ವರ್ಷ ಕಳೆದಂತೆ ಕಿರಿದಾದವು. ಇಲ್ಲಿ ಎಷ್ಟೋ ತಟ್ಟೆಗಳಲ್ಲಿ ಅಳೆಯಲು ಏನೂ ಇರುತ್ತಿರಲಿಲ್ಲ. ಪುಸ್ತಕದಲ್ಲಿ ಸೊನ್ನೆ, ಸೊನ್ನೆ ಎಂದು ಬರೆಯುತ್ತಿದ್ದೆ. ಮದ್ದೂರಿನ ಒಂದು ಕೋಳಿ ಫಾರಂನ ಮಣ್ಣಿನಲ್ಲೂ ಅದೇ, ಮಳವಳ್ಳಿ ಕಡೆಯ ಕೊಟ್ಟಿಗೆಯ ಗಂಜಲದಲ್ಲೂ ಅದೇ. ಮೊದಲ ವರ್ಷದ ಕೊನೆಗೆ ಇದನ್ನೆಲ್ಲ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಎಲ್ಲ ಕಡೆಯೂ ಇದೇ ಕಾಣುತ್ತಿದೆ, ಹೊಸದೇನೂ ಇಲ್ಲ ಎಂದು ವಾಪಸು ಬಂತು. ಆ ದಿನ ಕಿರುಗಾವಲಿನಿಂದ ಮಳವಳ್ಳಿಗೆ ಬರುವ ಬಸ್ಸಿನಲ್ಲಿ, ಸಗಣಿ ಮಾದರಿಯ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಗಂಡನ ಮನೆಯಲ್ಲಿ ಏನೋ ಆಗಿದೆ ಅಂದುಕೊಂಡು ಒಂದು ಚೀಲ ತುಂಬುವಷ್ಟು ಸಮಾಧಾನ ಹೇಳಿ ಮಳವಳ್ಳಿಯಲ್ಲಿ ಇಳಿದುಹೋದಳು.

ಈಗ ಮತ್ತೆ ಆ ಮೊದಲ ಜ್ವರಕ್ಕೆ ಬರುತ್ತೇನೆ, ಯಾಕೆಂದರೆ ಹೇಳಬೇಕಾದದ್ದು ಅದೇ. ನಾನು ಡಬ್ಬದ ಮಾತ್ರೆ ಮುಟ್ಟಲಿಲ್ಲ. ಓದಿದವಳು ಎಂಬ ಜಂಬದಲ್ಲಿ ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಏಳು ದಿನದ ಆಂಟಿಬಯಾಟಿಕ್ ಬರೆಸಿಕೊಂಡು ಬಂದೆ. ನಾಲ್ಕನೇ ದಿನಕ್ಕೆ ಜ್ವರ ಬಿಟ್ಟಿತು. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತಿತ್ತು, ಮಾರನೆಯ ದಿನ ಮದ್ದೂರಿಗೆ ಹೋಗಬೇಕಿತ್ತು, ಒಂದು ಹೊತ್ತು ಬಿಟ್ಟೆ. ಇನ್ನೊಂದು ಹೊತ್ತೂ ಬಿಟ್ಟೆ. ಸಾವಿರ ಜನಕ್ಕೆ ಮಾಡಬೇಡಿ ಎಂದು ಭಾಷಣ ಮಾಡಿದ್ದನ್ನೇ ಮಾಡಿದೆ.

ಜಯಮ್ಮ ಕಿಟಕಿಯ ಮೇಲಿದ್ದ ಪಟ್ಟಿ ನೋಡಿ, ಉಳಿದದ್ದನ್ನು ಕೊಡು, ಡಬ್ಬಕ್ಕೆ ಹಾಕುತ್ತೇನೆ ಅಂದಳು. ಕೊಡಬಾರದು ಎಂದು ನನಗೆ ಗೊತ್ತಿತ್ತು, ಬಾಯಿಯವರೆಗೂ ಬಂದಿತ್ತು. ಆದರೆ ಊರಿಗೆ ಹೊಸಬಳು. ಜ್ವರದಲ್ಲಿ ಅವಳೇ ಗಂಜಿ ಕಾಯಿಸಿ ಕೊಟ್ಟಿದ್ದಳು, ತಲೆ ಒತ್ತಿದ್ದಳು. ಆರು ಮಾತ್ರೆ ಕೊಡುವುದಿಲ್ಲ ಅಂದರೆ ಏನಂದುಕೊಂಡಾಳು? ಕೊಟ್ಟೆ. ಅವಳು ಆ ಪಟ್ಟಿಯನ್ನು ಬೇರೆಯದರ ಜೊತೆ ಬೆರೆಸದೆ ಒಂದು ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಮಾರನೆಯ ದಿನ ಬೀದಿಯ ಹೆಂಗಸರು ನನ್ನನ್ನು ಮೊದಲ ಸಲ ಮಾತಾಡಿಸಿದರು. ನಮ್ಮೋಳು ಕಣಮ್ಮ ಎಂದು ಜಯಮ್ಮ ಅವರಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು, ಮತ್ತು ನನಗೆ ಹಿತವಾಯಿತು.

ಎರಡನೇ ವರ್ಷದ ಪಂಚಮಿಗೆ ನರಗುಂದಕ್ಕೆ ಹೋದೆ. ಇಲ್ಲಿಯವರಿಗೆ ನಾಗರ ಪಂಚಮಿ ಎಂದರೆ ಹುತ್ತಕ್ಕೆ ಹಾಲೆರೆದರೆ ಮುಗಿಯಿತು. ನಮಗೆ ತವರಿಗೆ ಹೋಗದಿದ್ದರೆ ವರ್ಷವೇ ಬಂದಂತಲ್ಲ ಎಂದು ಜಯಮ್ಮನಿಗೆ ಎಷ್ಟು ಹೇಳಿದರೂ ನಂಬಲಿಲ್ಲ. ಹತ್ತು ದಿನ ರಜೆ ಹಾಕಿದೆ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ ಕಟ್ಟಿಟ್ಟಿದ್ದಳು. ನಾನು ಬಾಗಿಲಲ್ಲೇ ವಸಿ ನೀರು ಕೊಡು ಅಂದಾಗ ನನ್ನ ಮುಖ ನೋಡಿ, “ಯಾವ ಊರಿನ ಮಾತು ಕಲ್ತು ಬಂದಿ ಯವ್ವಾ?” ಅಂದಳು. ತಮಾಷೆಗೇ ಅಂದದ್ದು. ಆದರೂ ಚುಚ್ಚಿತು.

ಎರಡನೆಯ ದಿನ ಜಯಮ್ಮನ ಫೋನು ಬಂತು. ಹಬ್ಬ ಜೋರಾ ಎಂದು ಕೇಳಿ, ಮಾತಿನ ನಡುವೆ, ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿತು ಅಂದಳು. ಕೂಳೆ ಎಂದರೆ ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಮೊನಚಾದ ಬುಡ. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತು, ಪಾದದಲ್ಲಿ ಸ್ಪರ್ಶವೇ ಕಡಿಮೆ ಎಂಬುದೂ ಗೊತ್ತು. ಹಿತ್ತಲಲ್ಲಿ ಅಕ್ಕತಂಗಿಯರು ಜೋಕಾಲಿ ಏರು ಬಾ ಎಂದು ಕೂಗುತ್ತಿದ್ದರು. ಸೋಪು ಹಾಕಿ ತೊಳೀರಿ, ನಾಳೆ ಆಸ್ಪತ್ರೆಗೆ ತೋರಸ್ರಿ ಅಂದೆ. ಆಯ್ತು ಬುಡು, ನೀ ಹಬ್ಬ ಮಾಡು ಅಂದಳು. ಮತ್ತೆ ನಾನು ಫೋನು ಮಾಡಲಿಲ್ಲ. ಜೋಕಾಲಿ ಆಡಿದೆ.

ಅದೇ ವಾರ ಅವ್ವನ ಕಪಾಟಿನಲ್ಲಿ ಸೂಜಿ ಹುಡುಕುವಾಗ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅರ್ಧ ಖಾಲಿಯಾದ ಮಾತ್ರೆ ಪಟ್ಟಿಗಳು. ಅಪ್ಪನದು, ತಮ್ಮನದು, ನನ್ನದೇ ಕಾಲೇಜಿನ ದಿನಗಳದ್ದು. ಮೂವತ್ತಾರು ವರ್ಷ ಇದೇ ಕಪಾಟು ತೆಗೆದು ಮುಚ್ಚಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಯಲಿಯೂರಿನಲ್ಲಿ ಐದೇ ದಿನಕ್ಕೆ ಕಂಡದ್ದು ಅದು ಪರಸ್ಥಳವಾಗಿದ್ದರಿಂದ ಅಷ್ಟೇ. ಅವ್ವನಿಗೆ ಎಸೆಯೋಣ ಅಂದೆ. ಇರಲಿ, ಯಾರಿಗಾದರೂ ಬೇಕಾಗುತ್ತದೆ ಅಂದಳು.

ನಾನು ವಾಪಸು ಬಂದ ಬೆಳಿಗ್ಗೆ ಯಲಿಯೂರಿನ ಮನೆಯ ಬಾಗಿಲು ದಾಟುವ ಮೊದಲೇ ವಾಸನೆ ಬಡಿಯಿತು. ಆ ವಾಸನೆ ನನಗೆ ಲ್ಯಾಬಿನಿಂದ ಪರಿಚಯ. ಜಯಮ್ಮ ಗೋಡೆಗೆ ಒರಗಿ ಕೂತಿದ್ದಳು, ಎಡಗಾಲಿಗೆ ಹಳೆಯ ಸೀರೆಯ ತುಂಡು ಸುತ್ತಿತ್ತು. ಬಿಚ್ಚಿ ನೋಡಿದೆ. ಹಿಮ್ಮಡಿಯಿಂದ ಬೆರಳಿನವರೆಗೆ ಕಪ್ಪು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಸವಿತಾಳ ಮೇಲೆ ಕೂಗಾಡಿದೆ. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ಅಳುತ್ತಲೇ ಹೇಳಿದಳು.

“ನಾ ಎಷ್ಟ್ ಏಳುದ್ರೂ ಕೇಳ್ನಿಲ್ಲ ಕಣಕ್ಕ. ನಿಮ್ ಮಾತ್ರೆ ಮಡಗಿದ್ರಲ್ಲ ಬಟ್ಟೆಲಿ, ಅದ್ನೇ ತಿಂತಿದ್ರು. ಮೇಡಮ್ಮ ತಿಂದಿದ್ ಮಾತ್ರೆ, ಓದಿರೋರ್ ತಿನ್ನೋದು, ಇದ್ಕಿಂತ ಡಾಕ್ಟ್ರು ಏನ್ ಕೊಟ್ಟಾರು ಅಂತಿದ್ರು.”

ಮಾತ್ರೆ ಆರು. ಹಗಲಿಗೊಂದರಂತೆ ಆರು ದಿನ ನುಂಗಿ, ಆಮೇಲೆ ಡಬ್ಬದ ಬೇರೆ ಮಾತ್ರೆಗಳಿಗೆ ಕೈ ಹಾಕಿದ್ದಳು. ಆಸ್ಪತ್ರೆಗೆ ಹೋಗಬೇಕಿದ್ದ ದಿನಗಳನ್ನೆಲ್ಲ ನನ್ನ ಹೆಸರಿನಲ್ಲಿ ಕಳೆದಿದ್ದಳು.

ಮಂಡ್ಯದ ಆಸ್ಪತ್ರೆಯಲ್ಲಿ ತಕ್ಷಣ ಸೇರಿಸಿಕೊಂಡರು. ಕೊಳೆತ ಭಾಗ ಕತ್ತರಿಸಿ ತೆಗೆದರು, ಗಾಯದ ಕೀವು ಪರೀಕ್ಷೆಗೆ ಹೋಯಿತು. ನನ್ನ ಲ್ಯಾಬಿನಲ್ಲೂ ನೋಡುತ್ತೇನೆ, ಒಪ್ಪಿಗೆ ಕೊಡಿ ಎಂದು ಡಾಕ್ಟರನ್ನು ಕೇಳಿಕೊಂಡೆ. ಜಯಮ್ಮನ ಸಹಿಯೂ ಬೇಕಿತ್ತು. ಕಾಗದದಲ್ಲಿ ಏನಿದೆ ಎಂದು ಓದಿ ಹೇಳಹೊರಟರೆ, ನೀನು ಹೇಳಿದರೆ ಸಾಕು ಎಂದು ಪೆನ್ನು ಕಿತ್ತುಕೊಂಡು ಹೆಸರು ಬರೆದಳು. ಅವಳ ನಂಬಿಕೆ ಕಂಡು ನನಗೆ ಅವಳ ಮೇಲೆಯೇ ಸಿಟ್ಟು ಬಂತು.

ಮೂರನೆಯ ದಿನ ಬೆಳಿಗ್ಗೆ ತಟ್ಟೆ ಹೊರಗೆ ತೆಗೆದೆ. ಬೆಳಕಿಗೆ ಹಿಡಿದೆ. ಒತ್ತಾಗಿ, ನುಣುಪಾಗಿ ಬೆಳೆದಿತ್ತು, ನೀರು ಗೊಬ್ಬರ ಚೆನ್ನಾಗಿ ಬಿದ್ದ ಒಟ್ಲಿನ ಹಾಗೆ. ಮೊದಲ ಬೊಟ್ಟಿನ ಅಂಚಿನವರೆಗೂ ಬೆಳೆದಿತ್ತು. ಎರಡನೆಯದಕ್ಕೂ, ಮೂರನೆಯದಕ್ಕೂ ಹಾಗೇ. ನಾನು ಬಿಟ್ಟ, ಅವಳು ತಿಂದ ಮಾತ್ರೆಯ ಔಷಧಿಯ ಬೊಟ್ಟು ನಾಲ್ಕನೆಯದು. ಅದರ ಮೇಲೇ ಹತ್ತಿತ್ತು. ಕೊನೆಯ ಒಂದು ಬೊಟ್ಟಿನ ಸುತ್ತ ಮಾತ್ರ ಉಗುರಿನ ಅಂಚಿನಷ್ಟು ಉಂಗುರ. ಅದು ರಕ್ತನಾಳಕ್ಕೆ ಚುಚ್ಚಿ ಕೊಡುವ, ಮೂತ್ರಪಿಂಡ ಕೆಡಿಸುವ ಔಷಧಿ. ಅವಳ ಮೂತ್ರಪಿಂಡ ಸಕ್ಕರೆಯಿಂದ ಮೊದಲೇ ಸೋತಿತ್ತು.

ನಿಮಗೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನನ್ನ ಆರು ಮಾತ್ರೆಯಿಂದಲೇ ಆ ಬ್ಯಾಕ್ಟೀರಿಯಾ ಹಾಗಾಯಿತು ಎಂದು ಯಾವ ವಿಜ್ಞಾನಿಯೂ ಹೇಳಲಾರ. ಅದು ನಾಲೆಯಿಂದ ಬಂದಿರಬಹುದು, ಕೊಟ್ಟಿಗೆಯಿಂದ ಬಂದಿರಬಹುದು, ಗದ್ದೆಯ ಕೆಸರಲ್ಲೇ ಹಾಗಿದ್ದಿರಬಹುದು. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವಳು ಆಸ್ಪತ್ರೆಗೆ ಹೋಗದೆ ಮನೆಯಲ್ಲಿ ಕೂತದ್ದು ನನ್ನ ಮಾತ್ರೆ ನಂಬಿ. ಅದಕ್ಕೆ ತಟ್ಟೆ ಬೇಕಾಗಿಲ್ಲ.

ಆ ಔಷಧಿ ಶುರು ಮಾಡಿದರು. ಎರಡು ದಿನಕ್ಕೆ ಮೂತ್ರ ಕಡಿಮೆಯಾಗಿ ಮುಖ ಊದಿತು, ನಿಲ್ಲಿಸಿದರು. ಕಾಲು ಉಳಿಸಲು ಹೋದರೆ ಜೀವ ಹೋಗುತ್ತದೆ ಎಂದು ಡಾಕ್ಟರು, ಕೆಲಸದ ಊರಿಂದ ಓಡಿಬಂದಿದ್ದ ಅವಳ ಮಗನಿಗೆ ಹೇಳಿದರು; ಅವನು ನನ್ನ ಕಡೆ ನೋಡಿದ, ನೀವೇ ಹೇಳಿ ಎಂಬಂತೆ. ಮೊಣಕಾಲಿನ ಕೆಳಗೆ ಎಡಗಾಲು ತೆಗೆದರು. ಆ ಹೊತ್ತು ನಾನು ಆಸ್ಪತ್ರೆಯ ಹಿಂದಿನ ಚರಂಡಿಯ ಹತ್ತಿರ ನಿಂತಿದ್ದೆ. ತಿಂಗಳಿಗೊಮ್ಮೆ ಮಾದರಿ ತೆಗೆಯುತ್ತಿದ್ದ ಜಾಗ. ಕಾಲುಗಳು ಅಭ್ಯಾಸದ ಮೇಲೆ ಅಲ್ಲಿಗೆ ಕರೆದೊಯ್ದಿದ್ದವು.

ಈಗ ಮೂರು ತಿಂಗಳಾಯಿತು. ಜಯಮ್ಮ ಮನೆಗೆ ಬಂದಿದ್ದಾಳೆ. ಎರಡು ಕಡೆ ಹಿಡಿದು ನಡೆಯುವ ಕಬ್ಬಿಣದ ಚೌಕಟ್ಟು ತಂದಿದ್ದಾರೆ. ಅದರ ಮೇಲೆ ಟವೆಲ್ಲು ಒಣಗಲು ಹಾಕುತ್ತಾಳೆ, ಹಿಡಿದು ನಡೆಯುವುದು ಕಡಿಮೆ. ಗದ್ದೆಗೆ ಹೋಗಲಾಗದ್ದಕ್ಕೆ ಸವಿತಾಳನ್ನೂ ಎಮ್ಮೆಯನ್ನೂ ಒಂದೇ ಉಸಿರಿಗೆ ಬೈಯುತ್ತಾಳೆ. ಕೆಲವು ದಿನ ಗೋಡೆ ನೋಡುತ್ತ ಕೂತಿರುತ್ತಾಳೆ. ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದರೆ ಸಾಕು ಎಂದು ಕಾದಿದ್ದೇನೆ. ಒಂದು ಸಂಜೆ ಆ ಮಾತ್ರೆಯ ವಿಷಯ, ನಾನು ಕೊಡಬಾರದಿತ್ತು ಎಂಬುದು, ಎಲ್ಲ ಹೇಳಿದೆ. ಕೊಡದಿದ್ದರೆ ನಾನು ಬೇಜಾರು ಮಾಡಿಕೊಳ್ಳುತ್ತಿದ್ದೆ ಎಂದಳು ಅಷ್ಟೇ. ಮಾರನೆಯ ದಿನ ಸವಿತಾಳ ಕೈಯಲ್ಲಿ ಡಬ್ಬವನ್ನು ನನ್ನ ಕೋಣೆಗೆ ಕಳಿಸಿದಳು.

ಡಬ್ಬ ನನ್ನ ಮೇಜಿನ ಮೇಲಿದೆ. ಎಸೆಯೋಣವೆಂದರೆ ಎಲ್ಲಿ ಎಸೆಯುವುದು? ತಿಪ್ಪೆಗೆ ಹಾಕಿದರೆ ಮಣ್ಣಿಗೆ ಹೋಗುತ್ತದೆ, ಚರಂಡಿಗೆ ಹಾಕಿದರೆ ನಾಲೆಗೆ. ಲ್ಯಾಬಿನ ಕಸದ ಜೊತೆ ಸುಡಿಸಬೇಕು, ಅದನ್ನು ಇನ್ನೂ ಮಾಡಿಲ್ಲ. ಜನ ಈಗ ನನ್ನ ಬಾಗಿಲಿಗೆ ಬರುತ್ತಾರೆ. ಮಗುವಿಗೆ ಕೆಮ್ಮು, ವಸಿ ಮಾತ್ರೆ ಕೊಡು ಎಂದು ಮೊನ್ನೆ ಪಕ್ಕದ ಮನೆಯವಳು ಬಂದಳು. ಇಲ್ಲ, ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದೆ. ಅವಳಿಗೆ ಕೂಲಿ ತಪ್ಪುತ್ತಿತ್ತು. ಜಯಮ್ಮ ಹೀಗಿರಲಿಲ್ಲ, ಹೊರಗಿನವರು ಹೊರಗಿನವರೇ ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತ ಹೋದಳು. ತಪ್ಪು ಮಾಡಿದಾಗ ನಮ್ಮವಳಾಗಿದ್ದೆ, ಸರಿ ಮಾಡಹೊರಟಾಗ ಹೊರಗಿನವಳಾದೆ.

ಧಾರವಾಡದ ಒಂದು ಕಾಲೇಜಿನಿಂದ ಪತ್ರ ಬಂದಿದೆ. ಕಾಯಂ ಕೆಲಸ, ಪಾಠ ಹೇಳುವುದು. ಅವ್ವ ದಿನಾ ಫೋನು ಮಾಡುತ್ತಾಳೆ. ಯೋಜನೆಯೂ ಮುಗಿಯುತ್ತ ಬಂತು. ಹದಿಮೂರು ವರ್ಷ ಸೊನ್ನೆ ಬರೆದದ್ದು ಸಾಕು ಎಂದು ಎಷ್ಟೋ ದಿನ ಅನಿಸುತ್ತದೆ. ನನ್ನ ಪುಸ್ತಕಗಳಿಂದ ಒಂದು ಕಾಲೂ ಉಳಿಯಲಿಲ್ಲ. ನಿನ್ನೆ ಬೆಳಿಗ್ಗೆ ಮುದ್ದೆಗೆ ಕೂತಾಗ ಜಯಮ್ಮನಿಗೆ ಪತ್ರದ ವಿಷಯ ಹೇಳಿದೆ. ಒಳ್ಳೇದಾಯಿತು ಅಂದಳು. ತಟ್ಟೆಯಲ್ಲಿ ಸಾರು ಕಲಸುತ್ತ ಕೇಳಿದಳು.

“ನನ್ ಕಾಲ್ನಾಗಿತ್ತಲ್ಲ, ಅದು ಸತ್ತೋಯ್ತಾ?”

ಇಲ್ಲ ಎಂದೆ. ಅದು ಲ್ಯಾಬಿನ ಫ್ರೀಜರಿನಲ್ಲಿದೆ, ಬೆರಳುದ್ದದ ಒಂದು ಕೊಳವೆಯಲ್ಲಿ, ಹೆಸರಿಲ್ಲ, ಬರೀ ಒಂದು ನಂಬರು. ಅಷ್ಟು ತಂಪಿನಲ್ಲಿ ಅದು ಸಾಯುವುದಿಲ್ಲ, ಮಲಗಿರುತ್ತದೆ. ಅದನ್ನು ಕೊಲ್ಲುವ ಔಷಧಿ ಯಾವತ್ತಾದರೂ ಸಿಕ್ಕರೆ ಅದರ ಮೇಲೆ ಹಾಕಿ ನೋಡಬೇಕು, ಅದಕ್ಕೇ ಇಟ್ಟಿದ್ದೇವೆ ಎಂದೆ.

“ನೀ ಊರ್ಗೆ ಒಂಟೋದ್ಮೇಲೆ ಯಾರ್ ನೋಡ್ಕತಾರೆ?”

ಯೋಜನೆ ಮುಗಿದ ಮೇಲೆ ಇಂಥ ಕೊಳವೆಗಳನ್ನು ಯಾರೂ ನೋಡುವುದಿಲ್ಲ. ಯಾರಿಗೋ ಜಾಗ ಬೇಕಾದ ದಿನ ತೆಗೆದು ಸುಡುತ್ತಾರೆ. ಅದನ್ನು ಅವಳಿಗೆ ಹೇಳಲಾಗಲಿಲ್ಲ. ಅವಳು ನನ್ನ ಮುಖ ನೋಡಿ, ತನ್ನ ತಟ್ಟೆಯ ಅರ್ಧ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿ, ಉಣ್ಣು ಅಂದಳು.

ಪತ್ರಕ್ಕೆ ಉತ್ತರ ಬರೆಯಲು ಇನ್ನು ನಾಲ್ಕು ದಿನ ಇದೆ. ಇವತ್ತು ಲ್ಯಾಬಿಗೆ ಹೋದವಳೇ ಫ್ರೀಜರಿನ ಮುಚ್ಚಳ ತೆಗೆದು ಆ ಕೊಳವೆ ಇದ್ದಲ್ಲೇ ಇದೆಯಾ ಎಂದು ನೋಡಿದೆ. ಇತ್ತು. ಜಯಮ್ಮನ ಕಾಲಿನಲ್ಲಿ ಅಷ್ಟು ಚೆನ್ನಾಗಿ ಬದುಕಿದ್ದು ಅದರೊಳಗಿನ ಬ್ಯಾಕ್ಟೀರಿಯಾ ಒಂದೇ, ಮತ್ತು ಧಾರವಾಡಕ್ಕೆ ಒಪ್ಪಿದರೆ ಅದನ್ನು ಇಲ್ಲಿ ಬಿಟ್ಟು ನಾನು ಹೋಗಬೇಕು.